ಕೊನೆಯ ಗದ್ದೆಯ ಹೊಣೆ

ಮುಂಡಗೋಡ ತಾಲೂಕಿನ ಅತ್ತಿವೇರಿಯ ಹೆಸರು ಕೇಳಿದೊಡನೆ ಅನೇಕರ ಕಣ್ಣ ಮುಂದೆ ಬರುವುವು ಬೆಳ್ಳಕ್ಕಿ, ನೀರುಕಾಗೆ, ಚಮಚಕೊಕ್ಕುಗಳು. ಅಲ್ಲಿಯ ಪಕ್ಷಿಧಾಮ ಅಷ್ಟು ಹೆಸರಾಗಿದೆ. ಆದರೆ ಆ ಜಲಾಶಯವನ್ನು ಕಟ್ಟಿದ್ದು ಹಕ್ಕಿಗಳಿಗಾಗಿ ಅಲ್ಲ, ಬೇಸಾಯಕ್ಕಾಗಿ. ಯಾವ ನೀರಾವರಿ ಜಲಾಶಯವನ್ನೇ ತೆಗೆದುಕೊಳ್ಳಿ, ನೀರಿನ ದಾರಿ ಒಂದೇ ಬಗೆಯದು: ತೂಬು, ಕಾಲುವೆ, ಕವಲುಗಾಲುವೆ, ಕಟ್ಟಕಡೆಗೆ ಗದ್ದೆ. ಆ ಕಡೆಯ ಗದ್ದೆ ಒಣಗಿತೆನ್ನಿ. ತೂಬಿನವನು ತಾನು ಹೊತ್ತಿಗೆ ಸರಿಯಾಗಿ ನೀರು ಬಿಟ್ಟೆನೆನ್ನುತ್ತಾನೆ. ಕಾಲುವೆಯವನು ತನ್ನ ಪಾಲಿನ ಹೂಳು ತೆಗೆಸಿದ್ದೇನೆನ್ನುತ್ತಾನೆ. ಮೇಲಿನ ಗದ್ದೆಯವನು ತನ್ನ ಸರದಿಯಷ್ಟನ್ನೇ ಹರಿಸಿಕೊಂಡೆನೆನ್ನುತ್ತಾನೆ. ಒಬ್ಬರ ಮಾತೂ ಸುಳ್ಳಲ್ಲದಿರಬಹುದು. ಆದರೂ ಗದ್ದೆ ಒಣಗಿದೆ. ಹಾಗಾದರೆ ಇದರ ಹೊಣೆ ಯಾರದು?

ಹಳೆಯ ಮೈಸೂರು ಸೀಮೆಯ ಕೆರೆಗಳಲ್ಲಿ ಈ ಪ್ರಶ್ನೆಗೆ ನೀರುಗಂಟಿ ಎಂಬ ಉತ್ತರವಿತ್ತು. ತೂಬು ಎತ್ತುವುದು, ಕಾಲುವೆ ನೋಡುವುದು, ಸರದಿಯಂತೆ ನೀರು ಹಂಚುವುದು ಎಲ್ಲವೂ ಅವನ ಕೆಲಸ. ಅವನಿಗೆ ದೊರೆಯುತ್ತಿದ್ದುದು ಸುಗ್ಗಿಯ ಧಾನ್ಯದಲ್ಲಿ ಒಂದು ಪಾಲು. ಗದ್ದೆ ಬೆಳೆದರೆ ಅವನಿಗೂ ಅನ್ನ. ಅವನ ಕೆಲಸದ ಅಳತೆಗೋಲು ತೂಬಲ್ಲ, ಬೆಳೆ ಎಂಬುದನ್ನು ನಾವು ಗಮನಿಸಬೇಕು.

ಇನ್ನು ಕಚೇರಿಗೆ ಬರೋಣ. ಸರಕಾರವಿರಲಿ, ಬ್ಯಾಂಕಿರಲಿ, ಕಾರ್ಖಾನೆಯಿರಲಿ, ಇಂದಿನ ಕೆಲಸವೆಲ್ಲ ಕೈಯಿಂದ ಕೈಗೆ ಸಾಗುವಂಥದು. ತಂದೆ ತೀರಿಕೊಂಡ ಮೇಲೆ ಜಮೀನನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕೆಂದು ಅತ್ತಿವೇರಿಯ ರೈತನೊಬ್ಬ ಅರ್ಜಿ ಕೊಟ್ಟನೆಂದುಕೊಳ್ಳಿ. ಅರ್ಜಿ ತೆಗೆದುಕೊಳ್ಳುವವರು ಒಬ್ಬರು, ಪರಿಶೀಲಿಸುವವರು ಇನ್ನೊಬ್ಬರು, ಒಪ್ಪಿಗೆ ಕೊಡುವವರು ಮತ್ತೊಬ್ಬರು. ತಡವಾದಾಗ ಎಲ್ಲರೂ ತಮ್ಮ ತಮ್ಮ ಕೆಲಸ ಮಾಡಿರುತ್ತಾರೆ. ರೈತನ ಕೆಲಸ ಮಾತ್ರ ಆಗಿರುವುದಿಲ್ಲ. ಮೆಟ್ಟಿಲು ಮೆಟ್ಟಿಲಿಗೂ ಒಡೆಯರುಂಟು, ದಾರಿಗೆ ಒಡೆಯರಿಲ್ಲ. ನನ್ನ ಮಟ್ಟಿಗೆ ರೋಗದ ಮೂಲ ಇದೇ.

ಮೂಲವನ್ನು ಬಿಟ್ಟು ನಾವು ಹಿಡಿಯುವುದು ಕೈಗೆ ಸಿಕ್ಕ ಗುಮಾಸ್ತನನ್ನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಇಂಥ ನ್ಯಾಯವನ್ನು ಕಂಡೇ ಹುಟ್ಟಿರಬೇಕು. 1950ರಲ್ಲಿ ಜಪಾನಿನ ಉದ್ಯಮಿಗಳಿಗೆ ಗುಣಮಟ್ಟದ ಪಾಠ ಹೇಳಿದ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ಸ್ ಡೆಮಿಂಗ್, ತನ್ನ ಅನುಭವದ ಮೇಲೆ ಒಂದು ಅಂದಾಜು ಕೊಟ್ಟಿದ್ದಾನೆ: ನೂರು ತೊಂದರೆಗಳಲ್ಲಿ 94 ವ್ಯವಸ್ಥೆಗೆ ಸೇರಿದವು, ಆದ್ದರಿಂದ ಆಡಳಿತದ ಹೊಣೆ. ಟೊಯೋಟಾ ಕಾರ್ಖಾನೆಯಲ್ಲಿ ಲೋಪ ಕಂಡ ಕಾರ್ಮಿಕ ತಲೆಯ ಮೇಲಿನ ಹಗ್ಗವನ್ನು ಎಳೆಯುತ್ತಾನೆ. ಮೇಲ್ವಿಚಾರಕ ಅಲ್ಲಿಗೇ ಬರಬೇಕು; ಲೋಪ ಸರಿಹೋಗದಿದ್ದರೆ ಕೆಲಸದ ಸಾಲೇ ನಿಲ್ಲುತ್ತದೆ. ತಿಳಿಸುವುದು ಮಾಡುವವನ ಹೊಣೆ, ತಿದ್ದುವುದು ಮಾಡಿಸುವವನ ಹೊಣೆ. ಅಲ್ಲಿಯ ವಿಂಗಡಣೆ ಹೀಗಿದೆ.

ನಮ್ಮ ನಾಡಿನಲ್ಲಿಯೂ ಇದಕ್ಕೆ ಎರಡು ನಿದರ್ಶನಗಳಿವೆ. ಮೊದಲನೆಯದು ‘ಭೂಮಿ’. ನಮ್ಮ ಕಡೆಯವರು ಉತಾರವೆನ್ನುವ ಪಹಣಿ ಹಿಂದೆ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿತ್ತು. 2000ದ ಆಸುಪಾಸಿನಲ್ಲಿ ಅದು ತಾಲೂಕು ಕಚೇರಿಯ ಗಣಕಯಂತ್ರವನ್ನು ಸೇರಿತು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇ ಮಾಡಬೇಕೆಂಬ ಕಟ್ಟು ಬಂದಿತು. ಇಲ್ಲಿ ಬದಲಾದುದು ಮನುಷ್ಯರ ಸ್ವಭಾವವಲ್ಲ, ಕೆಲಸದ ದಾರಿ.

ಎರಡನೆಯದು ‘ಸಕಾಲ’. ನಾಗರಿಕರಿಗೆ ಸೇವೆಗಳ ಖಾತರಿ ನೀಡುವ 2011ರ ಕಾಯಿದೆಯಂತೆ ಇದು 2012ರ ಮಾರ್ಚಿಯಲ್ಲಿ ಔರಾದ, ಧಾರವಾಡ, ಚಿತ್ರದುರ್ಗ, ಪುತ್ತೂರು ತಾಲೂಕುಗಳಲ್ಲಿ ಪ್ರಯೋಗವಾಗಿ, ಏಪ್ರಿಲ್ 2ರಿಂದ ರಾಜ್ಯಕ್ಕೆಲ್ಲ ಹಬ್ಬಿತು. ಪ್ರತಿ ಸೇವೆಗೂ ಇಷ್ಟು ದಿನವೆಂಬ ಗಡುವು, ಗೊತ್ತುಪಡಿಸಿದ ಒಬ್ಬ ಅಧಿಕಾರಿ, ಅವರ ಮೇಲೆ ಮನವಿ ಕೇಳುವವರೊಬ್ಬರು. ಅರ್ಜಿದಾರನ ಕೈಯಲ್ಲಿ 15 ಅಂಕಿಗಳ ಒಂದು ಸಂಖ್ಯೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿಯವರೆಗೆ ಪರಿಹಾರ. ಅದನ್ನು ತಡಮಾಡಿದವರ ಸಂಬಳದಿಂದ ವಸೂಲು ಮಾಡತಕ್ಕದ್ದು.

ಹಣ ಅಲ್ಪವೇ ಸರಿ. ಆದರೆ ಯಾರಿಗೂ ಸೇರದೆ ಅಲೆಯುತ್ತಿದ್ದ ವಿಳಂಬಕ್ಕೆ ಒಬ್ಬ ವಾರಸುದಾರ ದೊರೆತದ್ದು ಅಲ್ಪವಲ್ಲ. ಆದರೂ ಒಂದು ಸಂಶಯ ನನ್ನನ್ನು ಬಿಟ್ಟಿಲ್ಲ. ಇಬ್ಬರು ಮಾಡಬೇಕಾದ ಕೆಲಸ ಒಬ್ಬರ ಮೇಜಿನ ಮೇಲೆ ಬಿದ್ದಿದ್ದರೆ, ಒಂದೇ ದಾಖಲೆಯನ್ನು ಎರಡು ಕಚೇರಿಗಳು ಕೇಳುತ್ತಿದ್ದರೆ, 20 ರೂಪಾಯಿ ಮುರಿದುಕೊಂಡು ಯಾವುದನ್ನು ಸರಿಪಡಿಸಿದಂತಾಯಿತು? ಆದ್ದರಿಂದ ವಿಳಂಬವನ್ನು ಎಣಿಸಿದರೆ ಸಾಲದು, ಓದಬೇಕು. ಒಂದು ಕುರ್ಚಿಯಲ್ಲಿ ಒಬ್ಬರು ಕುಳಿತಾಗ ಮಾತ್ರ ಕೆಲಸ ನಿಂತರೆ ಅದು ಆ ವ್ಯಕ್ತಿಯ ತಪ್ಪು. ಯಾರು ಬಂದು ಕುಳಿತರೂ ಅಲ್ಲಿಯೇ ನಿಂತರೆ ಅದು ಕುರ್ಚಿ ಹಾಕಿಸಿದವರ ತಪ್ಪು. ಹೊಣೆಯನ್ನೂ ಅವರೇ ಹೊರಬೇಕು.

ಹೊಣೆಯೆಂದರೆ ದಂಡವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಹಾಗಾದೆಡೆ ಎಲ್ಲರೂ ಲೋಪವನ್ನು ಮುಚ್ಚಿಡುತ್ತಾರೆ, ಮುಚ್ಚಿಟ್ಟದ್ದು ಬೆಳೆಯುತ್ತದೆ. ನನಗೆ ತೋರುವಂತೆ ಹೊಣೆಯೆಂದರೆ ಬದಲಾಯಿಸುವ ಅಧಿಕಾರ, ಅದರ ಜೊತೆಗೆ ಬದಲಾಯಿಸಲೇಬೇಕಾದ ಕರ್ತವ್ಯ. ಅಧಿಕಾರ ಮೇಲಿದ್ದು ಹೊಣೆ ಕೆಳಗಿದ್ದರೆ ಅದು ಅನ್ಯಾಯ. ದಾರಿಗೆ ಒಬ್ಬ ಒಡೆಯನಿರಲಿ. ಅವನ ಕೆಲಸವನ್ನು ಅವನ ಮೇಜಿನ ಬಳಿ ಅಲ್ಲ, ಅರ್ಜಿದಾರನ ಅಂಗಳದಲ್ಲಿ ನಿಂತು ಅಳೆಯುವಂತಾಗಲಿ.