ಹಳೆಯ ಮನೆಯಿಂದ ಫ್ಲ್ಯಾಟಿಗೆ ವಾಸ್ತವ್ಯ ಬದಲಿಸುವವರ ಗಮನಕ್ಕೆ: ಉಳಿಸಿಕೊಳ್ಳಬೇಕಾದ ಕಾಗದಪತ್ರಗಳು ಮತ್ತು ವಿಲೇವಾರಿ ಮಾಡಬಹುದಾದ ವಸ್ತುಗಳು

(ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

ಬಿ.ಸಿ.ರೋಡ್, ಬೆಳ್ತಂಗಡಿ ಹಾಗೂ ಮೂಡುಬಿದಿರೆ ಪೇಟೆಗಳ ವಸತಿ ಸಮುಚ್ಚಯಗಳಿಗೆ ಸುತ್ತಲಿನ ಗ್ರಾಮಗಳಿಂದ ವಾಸ್ತವ್ಯ ಬದಲಿಸುವ ಕುಟುಂಬಗಳು ಸಾಕಷ್ಟಿವೆ. ಅಟ್ಟ, ಚಾವಡಿ, ಕೊಟ್ಟಿಗೆ, ಅಂಗಳಗಳಿದ್ದ ಹಿರಿಯರ ಮನೆಯ ಸಾಮಾನು ಎರಡು ಕೋಣೆಯ ಫ್ಲ್ಯಾಟಿನಲ್ಲಿ ಹಿಡಿಸುವುದಿಲ್ಲ. ಆದ್ದರಿಂದ ಸ್ಥಳಾಂತರಕ್ಕೆ ಮುನ್ನ ಕೆಲವು ವಸ್ತುಗಳನ್ನು ಬಂಧುಗಳಿಗೆ ನೀಡಿ, ಉಳಿದವನ್ನು ಗುಜರಿಗೆ ಹಾಕುವುದು ವಾಡಿಕೆ. ಈ ಅವಸರದಲ್ಲಿ ಮರದ ಪೆಟ್ಟಿಗೆಯಲ್ಲಿದ್ದ ಹಳೆಯ ಕಾಗದದ ಕಟ್ಟುಗಳೂ ರದ್ದಿಯೊಂದಿಗೆ ಹೊರಟುಹೋಗುವುದುಂಟು. ವರ್ಷಗಳ ತರುವಾಯ ಪೌತಿ ಖಾತೆ, ವಿಭಾಗ ಪತ್ರ ಅಥವಾ ಬ್ಯಾಂಕ್ ಸಾಲಕ್ಕಾಗಿ ಅರ್ಜಿ ಸಲ್ಲಿಸುವಾಗ ಅದೇ ಕಾಗದ ಬೇಕಾಗುತ್ತದೆ. ಆಗ ಹುಡುಕಿದರೆ ಅದು ದೊರೆಯುವುದಿಲ್ಲ.

ಸಾರ್ವಜನಿಕರಿಗೆ ಇಂತಹ ತೊಂದರೆ ಉಂಟಾಗದಿರಲೆಂದು ಈ ಮಾಹಿತಿಯನ್ನು ನೀಡಲಾಗಿದೆ.

1. ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ

ಯಾವುದೇ ಕಾಗದವನ್ನು ಬಿಸಾಡುವ ಮುನ್ನ, ಅದು ಎಷ್ಟು ಹಳೆಯದು ಎಂಬುದಕ್ಕಿಂತ ಅದರ ಇನ್ನೊಂದು ಪ್ರತಿ ಯಾವುದಾದರೂ ಕಚೇರಿಯಲ್ಲಿ ಇದೆಯೇ ಎಂಬುದನ್ನು ವಿಚಾರಿಸತಕ್ಕದ್ದು. ಇನ್ನೊಂದು ಪ್ರತಿ ಇರುವ ಕಾಗದ ಕಳೆದರೆ ಶುಲ್ಕ ಮತ್ತು ಸಮಯ ಮಾತ್ರ ವ್ಯಯವಾಗುತ್ತದೆ. ಇನ್ನೊಂದು ಪ್ರತಿ ಇಲ್ಲದ ಕಾಗದ ಕಳೆದರೆ ಹಕ್ಕನ್ನು ಸಾಬೀತುಪಡಿಸುವ ದಾರಿಯೇ ಕಳೆಯಬಹುದು.

ಈ ಮಾತಿಗೆ ನಮ್ಮ ಪ್ರದೇಶದಲ್ಲಿಯೇ ದೊಡ್ಡ ನಿದರ್ಶನವಿದೆ. ಧವಲಾ, ಜಯಧವಲಾ ಎಂಬ ಜೈನ ಸಿದ್ಧಾಂತ ಗ್ರಂಥಗಳ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ಮೂಡುಬಿದಿರೆಯ ಗುರುಬಸದಿಯಲ್ಲಿ ಮಾತ್ರ ಉಳಿದಿದ್ದವು. 19ನೆಯ ಶತಮಾನದ ಕೊನೆಯಲ್ಲಿ ಅವುಗಳ ಪ್ರತಿ ಮಾಡುವ ಕಾರ್ಯ ಆರಂಭವಾಯಿತು. 1939ರಿಂದ ಧವಲಾ ಮುದ್ರಣಗೊಂಡು ದೇಶದ ಇತರೆಡೆಗಳ ವಿದ್ವಾಂಸರಿಗೂ ದೊರೆಯಿತು. ಒಂದೇ ಕಡೆ ಪ್ರತಿಗಳಿದ್ದ ಕಾಲದಲ್ಲಿ ಅವುಗಳನ್ನು ಜೋಪಾನ ಮಾಡಿದವರಿದ್ದುದರಿಂದ ಆ ಗ್ರಂಥಗಳು ಇಂದಿಗೂ ಉಳಿದಿವೆ. ಮನೆಯ ಕಾಗದಗಳಿಗೂ ಇದೇ ಮಾತು ಅನ್ವಯಿಸುತ್ತದೆ.

2. ಯಾವ ಕಾರಣಕ್ಕೂ ಬಿಸಾಡಬಾರದ ಕಾಗದಪತ್ರಗಳು

(ಅ) ಭೂಸುಧಾರಣೆಯ ದಾಖಲೆಗಳು: ಕರ್ನಾಟಕ ಭೂಸುಧಾರಣಾ ಅಧಿನಿಯಮದ ತಿದ್ದುಪಡಿಯು ದಿನಾಂಕ 01-03-1974ರಿಂದ ಜಾರಿಗೆ ಬಂದಿತು. ಗೇಣಿದಾರರು ನಮೂನೆ-7ರಲ್ಲಿ ಅರ್ಜಿ ಸಲ್ಲಿಸಲು ದಿನಾಂಕ 30-06-1979ರವರೆಗೆ ಅವಕಾಶವಿತ್ತು. ಭೂನ್ಯಾಯ ಮಂಡಳಿಯ ಆದೇಶವಾದ ನಂತರ ಅಧಿಭೋಗದಾರಿಕೆಯ ಪ್ರಮಾಣಪತ್ರವನ್ನು ನಮೂನೆ-10ರಲ್ಲಿ ನೀಡಲಾಗುತ್ತಿತ್ತು. ನಮ್ಮ ಕಡೆಯಲ್ಲಿ 'ಡಿಕ್ಲರೇಶನ್ ಆದ ಜಾಗ' ಎಂದು ಕರೆಯುವ ಭೂಮಿಯ ಹಕ್ಕಿಗೆ ಈ ಪ್ರಮಾಣಪತ್ರವೇ ಮೂಲ. ಅನೇಕ ಗೇಣಿ ಕುಟುಂಬಗಳಿಗೆ ತಾವು ಉಳುತ್ತಿದ್ದ ಭೂಮಿ ತಮ್ಮ ಹೆಸರಿಗೆ ಬಂದುದನ್ನು ತೋರಿಸುವ ಮೊದಲ ಕಾಗದ ಇದು. ನಮೂನೆ-10, ಮಂಡಳಿಯ ಆದೇಶದ ಪ್ರತಿ, ಹಣ ಪಾವತಿಸಿದ ರಸೀದಿ ಹಾಗೂ ನಕ್ಷೆಯನ್ನು ಒಟ್ಟಿಗೆ ಇರಿಸತಕ್ಕದ್ದು.

(ಆ) 1956ಕ್ಕೆ ಹಿಂದಿನ ದಾಖಲೆಗಳು: ದಿನಾಂಕ 01-11-1956ರವರೆಗೆ ಈ ಜಿಲ್ಲೆಯು ಮದ್ರಾಸ್ ರಾಜ್ಯಕ್ಕೆ ಸೇರಿತ್ತು. ಅಡಂಗಲ್, ವರ್ಗದ ಪಟ್ಟೆ, ಮೂಲಗೇಣಿ ಚೀಟು, ಕುಮ್ಕಿ ಜಮೀನಿಗೆ ಸಂಬಂಧಿಸಿದ ಪತ್ರಗಳು ಆ ಕಾಲದ ಕ್ರಮದಲ್ಲಿವೆ. ಕೆಲವು ಇಂಗ್ಲಿಷಿನಲ್ಲಿ, ಕೆಲವು ಮೋಡಿ ಅಕ್ಷರದಂತಹ ಕೂಡುಬರಹದಲ್ಲಿ ಇರುತ್ತವೆ. ಓದಲು ಬಾರದು ಎಂಬ ಕಾರಣಕ್ಕೆ ಅವುಗಳನ್ನು ನಿಷ್ಪ್ರಯೋಜಕವೆಂದು ತಿಳಿಯಬಾರದು.

(ಇ) ಕುಟುಂಬದ ಪಾಲುಪಟ್ಟಿ ಹಾಗೂ ಕರಾರುಗಳು: ಅಳಿಯಸಂತಾನ ಕಟ್ಟಿನ ಕುಟುಂಬಗಳ ವಿಭಾಗಕ್ಕೆ 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಅನ್ವಯವಾಗುತ್ತಿತ್ತು. ಅಂತಹ ಪತ್ರಗಳಲ್ಲಿ ಕುಟುಂಬದ ಮೂಲ ಸ್ತ್ರೀಯಿಂದ ಮೊದಲ್ಗೊಂಡು ಕವರುಗಳ ವಿವರ ಇರುತ್ತದೆ. ವಂಶವೃಕ್ಷ ಸಿದ್ಧಪಡಿಸುವಾಗ ಇದಕ್ಕಿಂತ ಉತ್ತಮ ಆಧಾರ ದೊರೆಯುವುದು ಕಷ್ಟ. ನೋಂದಣಿಯಾಗದ ಕರಾರುಗಳಿಗೆ ಕಚೇರಿಯಲ್ಲಿ ಪ್ರತಿ ಇರುವುದಿಲ್ಲವಾದ್ದರಿಂದ ಅವುಗಳನ್ನು ವಿಶೇಷವಾಗಿ ಕಾಪಾಡತಕ್ಕದ್ದು.

(ಈ) ನ್ಯಾಯಾಲಯದ ತೀರ್ಪು, ಡಿಕ್ರಿ, ಮರಣಶಾಸನದ ಮೂಲ ಪ್ರತಿ, ಹಿರಿಯರ ಶಾಲಾ ವರ್ಗಾವಣೆ ಪತ್ರ ಹಾಗೂ ಜನನ, ಮರಣ ಪ್ರಮಾಣಪತ್ರಗಳು.

ಹಳೆಯ ದಾಖಲೆಗಳಲ್ಲಿ ಒಬ್ಬರೇ ವ್ಯಕ್ತಿಯ ಹೆಸರು ಬೇರೆ ಬೇರೆ ರೀತಿಯಲ್ಲಿ ಇರುವುದು ಸಾಮಾನ್ಯ. 'ಲಕ್ಷ್ಮೀ ಯಾನೆ ಅಕ್ಕು' ಎಂದು ಒಂದು ಪತ್ರದಲ್ಲಿ, 'ಅಕ್ಕು' ಎಂದಷ್ಟೇ ಇನ್ನೊಂದರಲ್ಲಿ ಬರೆದಿದ್ದರೆ, ಎರಡೂ ಹೆಸರು ಒಬ್ಬರದೇ ಎಂದು ತೋರಿಸಲು 'ಯಾನೆ' ಎಂಬ ಪದವಿರುವ ಆ ಒಂದು ಕಾಗದವೇ ನೆರವಾಗುತ್ತದೆ.

3. ನಕಲು ದೊರೆಯಬಹುದಾದ ಕಾಗದಪತ್ರಗಳು

ನೋಂದಾಯಿತ ಕ್ರಯಪತ್ರ, ದಾನಪತ್ರ, ವಿಭಾಗ ಪತ್ರಗಳ ದೃಢೀಕೃತ ನಕಲನ್ನು ಸಂಬಂಧಪಟ್ಟ ಉಪನೋಂದಣಾಧಿಕಾರಿಗಳ ಕಚೇರಿಯಿಂದ ಪಡೆಯಬಹುದಾಗಿದೆ. ಋಣಭಾರ ಪ್ರಮಾಣಪತ್ರಕ್ಕೆ ಕಾವೇರಿ ತಂತ್ರಾಂಶದ ಮೂಲಕ ಅರ್ಜಿ ಸಲ್ಲಿಸಬಹುದು. ನೋಂದಾಯಿತ ಮರಣಶಾಸನದ ನಕಲನ್ನು ಬರೆದವರ ಜೀವಿತಕಾಲದಲ್ಲಿ ಇತರರಿಗೆ ನೀಡಲಾಗುವುದಿಲ್ಲ. ಪಹಣಿಯು 2000ದ ದಶಕದ ಆರಂಭದಲ್ಲಿ ಭೂಮಿ ಯೋಜನೆಯಡಿ ಗಣಕೀಕರಣಗೊಂಡಿದ್ದು, ಈಗಿನ ಪಹಣಿಯನ್ನು ಯಾವಾಗ ಬೇಕಾದರೂ ಪಡೆಯಬಹುದು. ಕೈಬರಹದ ಹಳೆಯ ಪಹಣಿಯ ದೃಢೀಕೃತ ನಕಲಿಗೆ ತಾಲ್ಲೂಕು ಕಚೇರಿಯ ಅಭಿಲೇಖಾಲಯಕ್ಕೆ ಅರ್ಜಿ ಸಲ್ಲಿಸಬೇಕಾಗುತ್ತದೆ.

ಕಚೇರಿಯಲ್ಲಿ ಪ್ರತಿ ಇದ್ದರೂ ಅದನ್ನು ಹುಡುಕಲು ಸುಳಿವು ಬೇಕು. ಆದ್ದರಿಂದ ಪ್ರತಿಯೊಂದು ಪತ್ರದ ದಸ್ತಾವೇಜು ಸಂಖ್ಯೆ, ವರ್ಷ, ಕಚೇರಿಯ ಹೆಸರು, ಸರ್ವೆ ನಂಬರು ಹಾಗೂ ಗ್ರಾಮದ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಸೂಕ್ತ. ಮೂಡುಬಿದಿರೆಯವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಮೂಡುಬಿದಿರೆ ಪ್ರತ್ಯೇಕ ತಾಲ್ಲೂಕಾಗುವ ಮೊದಲು ಮಂಗಳೂರು ತಾಲ್ಲೂಕಿಗೂ, ಅದಕ್ಕೂ ಹಿಂದೆ ಕಾರ್ಕಳ ತಾಲ್ಲೂಕಿಗೂ ಸೇರಿದ್ದುದರಿಂದ ಹಳೆಯ ಪತ್ರಗಳಲ್ಲಿ 'ಮಂಗಳೂರು ತಾಲ್ಲೂಕು' ಅಥವಾ 'ಕಾರ್ಕಳ ತಾಲ್ಲೂಕು' ಎಂದಿರುತ್ತದೆ.

ಅರ್ಜಿ ಸಲ್ಲಿಸಿದ ನಂತರ ಸ್ವೀಕೃತಿ ಪಡೆಯುವುದನ್ನು ಮರೆಯಬಾರದು. ಕಡತ ಲಭ್ಯವಿಲ್ಲವೆಂದು ತಿಳಿಸಿದಲ್ಲಿ ಅದನ್ನು ಬಾಯಿಮಾತಿನಲ್ಲಿ ಕೇಳಿ ಹಿಂದಿರುಗದೆ, ಲಿಖಿತ ಹಿಂಬರಹವನ್ನು ಪಡೆಯತಕ್ಕದ್ದು. ಮುಂದೆ ಮೇಲ್ಮನವಿ ಅಥವಾ ನ್ಯಾಯಾಲಯದ ಮುಂದೆ ಹೋಗಬೇಕಾದಲ್ಲಿ ಆ ಹಿಂಬರಹವೇ ಆಧಾರವಾಗುತ್ತದೆ.

ಮನೆಯಲ್ಲಿಯೇ ಆಗಿದ್ದ ಹಳೆಯ ಜನನ ಅಥವಾ ಮರಣವು ನೋಂದಣಿಯಾಗಿಲ್ಲವೆಂದು ಪೆಟ್ಟಿಗೆ ತೆರೆದಾಗ ತಿಳಿಯುವುದೂ ಉಂಟು. ಘಟನೆಯಾಗಿ ಒಂದು ವರ್ಷ ಮೀರಿದ್ದಲ್ಲಿ ವಿಳಂಬ ನೋಂದಣಿಗೆ ಆದೇಶ ಅಗತ್ಯ. ಮೊದಲು ಈ ಆದೇಶವನ್ನು ನ್ಯಾಯಾಲಯದಿಂದ ಪಡೆಯಬೇಕಿತ್ತು. 2023ರ ತಿದ್ದುಪಡಿಯ ನಂತರ ಈ ಅಧಿಕಾರವನ್ನು ಜಿಲ್ಲಾ ದಂಡಾಧಿಕಾರಿ, ಉಪವಿಭಾಗೀಯ ದಂಡಾಧಿಕಾರಿ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಗಳಿಗೆ ನೀಡಲಾಗಿದೆ. ವಿಷಯ ತಿಳಿದಿರುವ ಹಿರಿಯರು ಇರುವಾಗಲೇ ಈ ಕೆಲಸ ಪೂರೈಸುವುದು ಲೇಸು.

4. ವಿಲೇವಾರಿ ಮಾಡಬಹುದಾದ ಕಾಗದಗಳು

ಪಾವತಿಯಾದ ಹಳೆಯ ವಿದ್ಯುತ್ ಮತ್ತು ದೂರವಾಣಿ ಬಿಲ್ಲುಗಳು, ಅವಧಿ ಮುಗಿದ ಆದಾಯ ಪ್ರಮಾಣಪತ್ರಗಳು, ಮಾರಿದ ವಾಹನದ ಹಳೆಯ ವಿಮಾ ಚೀಟಿಗಳು, ಮುಗಿದ ಉಪಕರಣಗಳ ವಾರಂಟಿ ಕಾರ್ಡುಗಳು, ಆಮಂತ್ರಣ ಪತ್ರಿಕೆಗಳು ಹಾಗೂ ಒಂದೇ ದಾಖಲೆಯ ಹತ್ತಾರು ಜೆರಾಕ್ಸ್ ಪ್ರತಿಗಳನ್ನು ಇರಿಸಿಕೊಳ್ಳುವ ಅಗತ್ಯವಿರುವುದಿಲ್ಲ. ಆದರೆ ವಿದ್ಯುತ್ ಸಂಪರ್ಕದ ಭದ್ರತಾ ಠೇವಣಿಯ ರಸೀದಿ, ಅಡುಗೆ ಅನಿಲ ಸಂಪರ್ಕದ ಠೇವಣಿ ಚೀಟಿ ಮತ್ತು ಆಸ್ತಿ ತೆರಿಗೆ ರಸೀದಿಗಳನ್ನು ಬಿಲ್ಲುಗಳೊಂದಿಗೆ ಎಸೆಯಬಾರದು. ಆಸ್ತಿ ಖರೀದಿ ಹಾಗೂ ಕಟ್ಟಡ ನಿರ್ಮಾಣದ ವೆಚ್ಚದ ದಾಖಲೆಗಳನ್ನು ಆಸ್ತಿ ಮಾರಾಟವಾಗಿ ಅದರ ತೆರಿಗೆ ಲೆಕ್ಕ ಮುಗಿಯುವವರೆಗೆ ಇರಿಸತಕ್ಕದ್ದು. ಮಾರಾಟದ ಲಾಭವನ್ನು ಲೆಕ್ಕ ಹಾಕುವಾಗ ಈ ವೆಚ್ಚವನ್ನು ಕಳೆಯಲಾಗುತ್ತದೆ.

ಆಧಾರ್, ಪ್ಯಾನ್ ಮತ್ತು ಬ್ಯಾಂಕ್ ಪುಸ್ತಕದ ಜೆರಾಕ್ಸ್ ಪ್ರತಿಗಳನ್ನು ಇಡಿಯಾಗಿ ರದ್ದಿಗೆ ಹಾಕದೆ, ಸಣ್ಣ ಚೂರುಗಳಾಗಿ ಹರಿದು ಒಣಕಸಕ್ಕೆ ಸೇರಿಸಬೇಕು. ಸುಡುವುದು ನಿಷಿದ್ಧ.

5. ಫ್ಲ್ಯಾಟಿನ ಕಡತ ಮತ್ತು ಕಚೇರಿ ಕೆಲಸಗಳ ಕ್ರಮ

ಫ್ಲ್ಯಾಟಿಗೆ ಪ್ರತ್ಯೇಕ ಕಡತ ಇರಿಸುವುದು ಅನುಕೂಲ. ಇದರಲ್ಲಿ ಅವಿಭಾಜ್ಯ ಭೂಹಕ್ಕಿನ ವಿವರವುಳ್ಳ ಕ್ರಯಪತ್ರ, ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಅಧಿನಿಯಮ 1972ರನ್ವಯ ನೋಂದಾಯಿತವಾದ ಘೋಷಣಾ ಪತ್ರದ ಪ್ರತಿ, ಮಂಜೂರಾದ ನಕ್ಷೆ, ಇ-ಖಾತೆ, ತೆರಿಗೆ ರಸೀದಿ ಮತ್ತು ಸಂಘಕ್ಕೆ ಪಾವತಿಸಿದ ನಿರ್ವಹಣಾ ವೆಚ್ಚದ ರಸೀದಿಗಳು ಇರತಕ್ಕದ್ದು. ಬಂಟ್ವಾಳ ಮತ್ತು ಮೂಡುಬಿದಿರೆಯಲ್ಲಿ ಪುರಸಭೆ, ಬೆಳ್ತಂಗಡಿಯಲ್ಲಿ ಪಟ್ಟಣ ಪಂಚಾಯತ್ ಖಾತೆ ನೀಡುವ ಕಚೇರಿಯಾಗಿರುತ್ತದೆ. ಕಟ್ಟಡವು ಗ್ರಾಮ ಪಂಚಾಯತ್ ವ್ಯಾಪ್ತಿಯಲ್ಲಿದ್ದರೆ ಇ-ಸ್ವತ್ತು ತಂತ್ರಾಂಶದ ನಮೂನೆ-9 ಮತ್ತು 11 ಅನ್ವಯಿಸುತ್ತವೆ.

ಒಂದೇ ಕೆಲಸಕ್ಕೆ ಮೂರು ಬಾರಿ ಅಲೆಯುವುದನ್ನು ತಪ್ಪಿಸಲು ಈ ಕೆಳಕಂಡ ಕ್ರಮವನ್ನು ಅನುಸರಿಸಬಹುದು.

- ಮೊದಲು ಖಾತೆ ಬದಲಾವಣೆಗೆ ಅರ್ಜಿ ಸಲ್ಲಿಸುವುದು.
- ನಂತರ ಮೆಸ್ಕಾಂ ಕಚೇರಿಯಲ್ಲಿ ವಿದ್ಯುತ್ ಸಂಪರ್ಕವನ್ನು ತಮ್ಮ ಹೆಸರಿಗೆ ಬದಲಾಯಿಸಿಕೊಳ್ಳುವುದು. ಹೊಸ ಬಿಲ್ಲು ವಿಳಾಸದ ಆಧಾರವಾಗುತ್ತದೆ.
- ಆ ಬಿಲ್ಲಿನ ಆಧಾರದ ಮೇಲೆ ಆಧಾರ್ ವಿಳಾಸ ತಿದ್ದುಪಡಿ ಮಾಡಿಸುವುದು.
- ಆ ಬಳಿಕ ಪಡಿತರ ಚೀಟಿ, ಬ್ಯಾಂಕ್ ಖಾತೆ, ಅಡುಗೆ ಅನಿಲ ಸಂಪರ್ಕ ಹಾಗೂ ನಮೂನೆ-8ರ ಮೂಲಕ ಮತದಾರರ ಪಟ್ಟಿಯ ವಿಳಾಸವನ್ನು ಬದಲಾಯಿಸುವುದು.

ಹಳೆಯ ಮನೆಯಲ್ಲಿ ಯಾರೂ ವಾಸವಿಲ್ಲದಿದ್ದರೂ ವಿದ್ಯುತ್ ಸಂಪರ್ಕದ ನಿಗದಿತ ಶುಲ್ಕ ಹಾಗೂ ಮನೆ ತೆರಿಗೆ ಮುಂದುವರಿಯುತ್ತವೆ. ಸಂಪರ್ಕ ಬೇಡವಾದಲ್ಲಿ ಬಾಕಿ ಪಾವತಿಸಿ, ಲಿಖಿತವಾಗಿ ಕೋರಿ ಕಡಿತಗೊಳಿಸಿಕೊಳ್ಳತಕ್ಕದ್ದು.

6. ಮಳೆಗಾಲದಿಂದ ರಕ್ಷಣೆ

ನೇತ್ರಾವತಿಯ 1923 ಮತ್ತು 1974ರ ನೆರೆಗಳು ಬಂಟ್ವಾಳದ ಹಿರಿಯರ ನೆನಪಿನಲ್ಲಿ ಉಳಿದ ಘಟನೆಗಳು. 2019ರ ಆಗಸ್ಟ್ ತಿಂಗಳಲ್ಲಿ ಬೆಳ್ತಂಗಡಿ ತಾಲ್ಲೂಕು ನೆರೆಯಿಂದ ಬಾಧಿತವಾಯಿತು. ಫ್ಲ್ಯಾಟು ಮೇಲಿನ ಮಹಡಿಯಲ್ಲಿದ್ದರೂ ತೇವ ಮತ್ತು ಗೆದ್ದಲಿನ ಭಯ ತಪ್ಪುವುದಿಲ್ಲ. ಮಳೆ ಬಡಿಯುವ ಗೋಡೆಗೆ ತಾಗಿದ ಕಪಾಟಿನಲ್ಲಿ, ಸ್ನಾನಗೃಹದ ಮೇಲಿನ ಲಾಫ್ಟಿನಲ್ಲಿ ದಾಖಲೆ ಇಡಬಾರದು. ಒದ್ದೆಯಾದ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡದೆ ನೆರಳಿನಲ್ಲಿ ಒಣಗಿಸಬೇಕು. ಮೂಲ ದಾಖಲೆಗಳಿಗೆ ಲ್ಯಾಮಿನೇಶನ್ ಮಾಡಿಸಬಾರದು. ಮುದ್ರೆ ಮತ್ತು ಛಾಪಾ ಕಾಗದದ ಪರಿಶೀಲನೆ ಕಷ್ಟವಾಗುತ್ತದೆ. ಎಲ್ಲವನ್ನೂ ಸ್ಕ್ಯಾನ್ ಮಾಡಿಸಿ ಒಂದು ಪ್ರತಿಯನ್ನು ಬೇರೆ ಊರಿನಲ್ಲಿರುವ ಮಗ, ಮಗಳು ಅಥವಾ ಸಹೋದರರ ಬಳಿ ಇರಿಸುವುದು ಉತ್ತಮ.

7. ಸಾಮಾನುಗಳ ವಿಲೇವಾರಿ

ಕಳಸೆ, ಸೇರು, ಒನಕೆ, ಕಡೆಯುವ ಕಲ್ಲು, ನೊಗ, ನೇಗಿಲು, ತಾಳೆಗರಿ ಇತ್ಯಾದಿಗಳನ್ನು ಗುಜರಿಗೆ ಹಾಕುವ ಮುನ್ನ ವಸ್ತುಸಂಗ್ರಹಾಲಯಗಳನ್ನು ವಿಚಾರಿಸಬಹುದು. ಬಿ.ಸಿ.ರೋಡಿನ ಸಂಚಯಗಿರಿಯ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ತುಳುನಾಡಿನ ಬದುಕಿನ ಇಂತಹ ವಸ್ತುಗಳ ಸಂಗ್ರಹವಿದೆ. ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳದಲ್ಲಿ ಮಂಜೂಷಾ ವಸ್ತುಸಂಗ್ರಹಾಲಯವಿದೆ.

ಉಳಿದ ಕಸವನ್ನು ಹಸಿಕಸ, ಒಣಕಸ, ನೈರ್ಮಲ್ಯ ತ್ಯಾಜ್ಯ ಎಂದು ಬೇರ್ಪಡಿಸಿ ಸ್ಥಳೀಯ ಸಂಸ್ಥೆಯ ವಾಹನಕ್ಕೆ ನೀಡತಕ್ಕದ್ದು. ಹಳೆಯ ಬಣ್ಣದ ಡಬ್ಬಿ, ಅವಧಿ ಮೀರಿದ ಔಷಧಿ, ಟ್ಯೂಬ್‌ಲೈಟ್, ಕೀಟನಾಶಕದ ಬಾಟಲಿಗಳನ್ನು ಅವುಗಳೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ಕೊಡಬೇಕು. ಕೆಟ್ಟ ಟಿ.ವಿ., ಮೊಬೈಲ್, ಬ್ಯಾಟರಿಗಳನ್ನು ಅಧಿಕೃತ ಸಂಗ್ರಹಣಾ ಕೇಂದ್ರಗಳಿಗೆ ಒಪ್ಪಿಸಬೇಕು.

ಫ್ಲ್ಯಾಟಿನೊಳಗೆ ಹಿಡಿಸದ ಕಪಾಟು, ಮಂಚ, ಖಾಲಿ ಸಿಲಿಂಡರುಗಳನ್ನು ಮೆಟ್ಟಿಲು ಹಾಗೂ ಓಣಿಯಲ್ಲಿ ಇಡುವುದರಿಂದ ನೆರೆಹೊರೆಯವರೊಂದಿಗೆ ಮನಸ್ತಾಪ ಉಂಟಾಗುತ್ತದೆ. ಬೆಂಕಿ ಅವಘಡವಾದಲ್ಲಿ ಅದೇ ಎಲ್ಲರೂ ಓಡಿ ಪಾರಾಗುವ ದಾರಿ. ಸಾಮಾನ್ಯ ಸ್ಥಳವು ಎಲ್ಲ ಮಾಲೀಕರ ಜಂಟಿ ಹಕ್ಕಿಗೆ ಸೇರಿದ್ದಾದ್ದರಿಂದ ಅದನ್ನು ಖಾಲಿ ಬಿಡತಕ್ಕದ್ದು.

8. ಕೊನೆಯ ಸೂಚನೆ

ಹಳೆಯ ಮನೆಯನ್ನು ಖಾಲಿ ಮಾಡುವಾಗ ಕಾಗದದ ಪೆಟ್ಟಿಗೆಯನ್ನು ಎಲ್ಲಕ್ಕಿಂತ ಮೊದಲು ತೆಗೆದು ಬೇರೆ ಇರಿಸಿ, ಸಾಮಾನುಗಳೆಲ್ಲ ಸಾಗಿದ ನಂತರ ಬಿಡುವಿನಲ್ಲಿ ಕುಟುಂಬದ ಹಿರಿಯರೊಂದಿಗೆ ಕುಳಿತು ಪರಿಶೀಲಿಸುವುದು ಒಳಿತು. ಯಾವ ಜಾಗ ಯಾರಿಂದ ಬಂದಿತು, ಯಾವ ಹೆಸರು ಯಾರದು ಎಂಬುದು ಅವರಿಗೆ ತಿಳಿದಿರುತ್ತದೆ. ಅವರು ಹೇಳಿದ್ದನ್ನು ಆಯಾ ಕಾಗದಕ್ಕೆ ಚೀಟಿ ಲಗತ್ತಿಸಿ ಬರೆದಿಡಬೇಕು. ಮನೆಯಲ್ಲಿ ಯಾರಿಗೂ ಅರ್ಥವಾಗದ ಕಾಗದವಿದ್ದರೆ, ಅದನ್ನು ಓದಬಲ್ಲವರಿಗೆ ತೋರಿಸುವವರೆಗೆ ರದ್ದಿಗೆ ಹಾಕಬಾರದು.

ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳುವಂತೆ ಕೋರಲಾಗಿದೆ.