ಘಾಟಿಯಲ್ಲಿ ಗೇರ್ ಇಳಿಸಿದರೆ ಎಂಜಿನ್ ಸವೆಯುವುದೇ?

ಆಗುಂಬೆಯಿಂದ ಸೋಮೇಶ್ವರದತ್ತ ಇಳಿಯುವ ಘಾಟಿಯಲ್ಲಿ 14 ಕಡಿದಾದ ತಿರುವುಗಳಿವೆ. ಪೆಟ್ರೋಲ್ ಉಳಿಸುವ ಆಸೆಯಿಂದ ಬೈಕನ್ನು ನ್ಯೂಟ್ರಲ್‌ಗೆ ತಂದು, ಬ್ರೇಕನ್ನಷ್ಟೇ ನಂಬಿ ಇಂಥ ಇಳಿಜಾರಿನಲ್ಲಿ ಸಾಗುವ ಸವಾರರು ಇಂದಿಗೂ ಇದ್ದಾರೆ. ಗೇರಿನಲ್ಲೇ ಇಳಿದರೆ ಎಂಜಿನ್ ಹಾಳಾಗುತ್ತದೆ ಎಂಬ ಭಯವೂ ಇದಕ್ಕೊಂದು ಕಾರಣ.

ಆಕ್ಸಿಲರೇಟರ್ ಪೂರ್ತಿ ಬಿಟ್ಟಾಗ ಎಂಜಿನ್‌ಗೆ ಗಾಳಿ ಹೋಗುವ ದಾರಿ ಬಹುತೇಕ ಮುಚ್ಚಿಕೊಳ್ಳುತ್ತದೆ. ಆದರೆ ಬೈಕ್ ಗೇರಿನಲ್ಲಿರುವುದರಿಂದ ಹಿಂದಿನ ಚಕ್ರವೇ ಚೈನಿನ ಮೂಲಕ ಎಂಜಿನನ್ನು ತಿರುಗಿಸುತ್ತಿರುತ್ತದೆ. ಸಿರಿಂಜಿನ ತುದಿಯನ್ನು ಬೆರಳಿನಿಂದ ಮುಚ್ಚಿ ಹಿಡಿಕೆ ಎಳೆದಾಗ ಆಗುವಂತೆ, ಗಾಳಿ ಎಳೆಯಲು ಪಿಸ್ಟನ್ ಹೆಣಗುತ್ತದೆ. ಈ ಪ್ರತಿರೋಧಕ್ಕೆ ಒಳಗಿನ ಘರ್ಷಣೆಯೂ ಸೇರಿ ವೇಗ ತಗ್ಗುತ್ತದೆ. ಗೇರ್ ಕೆಳಗಿಳಿದಷ್ಟೂ ಹಿಡಿತ ಹೆಚ್ಚು.

ಇದರಿಂದ ಸವೆತ ಉಂಟಾಗದೇ ಎಂದರೆ, ತಿರುಗುವ ಯಾವ ಎಂಜಿನ್ ಸವೆಯದು? ಆದರೆ ಇದೇ ಘಾಟಿಯನ್ನು ಹತ್ತುವಾಗ ಪಿಸ್ಟನ್ ಮತ್ತು ಬೇರಿಂಗ್‌ಗಳ ಮೇಲೆ ಬೀಳುವ ದಹನದ ಒತ್ತಡ ಇಳಿಯುವಾಗ ಇರುವುದಿಲ್ಲ. ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಆಯಿಲ್ ಪಂಪ್ ಎಂಜಿನ್ ಜತೆಯೇ ತಿರುಗುವುದರಿಂದ ಆಕ್ಸಿಲರೇಟರ್ ಬಿಟ್ಟರೂ ಎಣ್ಣೆಯ ಹರಿವು ನಿಲ್ಲದು. ಇಳಿಜಾರು ಮುಗಿದು ಮತ್ತೆ ವೇಗ ಹೆಚ್ಚಿಸಿದಾಗ ನೀಲಿ ಹೊಗೆ ಕಂಡರೆ, ಎಂಜಿನ್‌ನ ರಿಂಗ್ ಅಥವಾ ವಾಲ್ವ್ ಸೀಲ್ ಮೊದಲೇ ಸವೆದಿದೆ ಎಂದರ್ಥ.

ಹಳೆಯ ಭಯಕ್ಕೆ ಆಧಾರವೇ ಇಲ್ಲವೆಂದಲ್ಲ. 1996ರವರೆಗೆ ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಯಂಥ ಟೂ ಸ್ಟ್ರೋಕ್ ಬೈಕುಗಳಲ್ಲಿ ಎಣ್ಣೆ ಪೆಟ್ರೋಲಿನೊಂದಿಗೇ ಬೆರೆತು ಒಳಹೋಗುತ್ತಿತ್ತು. ಆಕ್ಸಿಲರೇಟರ್ ಮುಚ್ಚಿ ಬಹುದೂರ ಇಳಿದರೆ ಎಣ್ಣೆಯ ಕೊರತೆಯಾಗಿ ಪಿಸ್ಟನ್ ಕಚ್ಚಿಕೊಳ್ಳುವ ಅಪಾಯವಿತ್ತು. ಬಲ್ಲವರು ನಡುನಡುವೆ ಕ್ಲಚ್ ಹಿಡಿದು ಒಮ್ಮೆ ಆಕ್ಸಿಲರೇಟರ್ ತಿರುವುತ್ತಿದ್ದರು. ಬೈಕು ಬದಲಾದರೂ ಮಾತು ಉಳಿದುಕೊಂಡಿತು.

ನಿಜವಾದ ಹಾನಿ ಆಗುವುದು ಅವಸರದಲ್ಲಿ. ವೇಗವಾಗಿ ಸಾಗುವಾಗ ನಾಲ್ಕನೇ ಗೇರಿನಿಂದ ನೇರ ಒಂದಕ್ಕಿಳಿಸಿ ಕ್ಲಚ್ ಬಿಟ್ಟರೆ ಎಂಜಿನ್ ಮಿತಿ ಮೀರಿ ತಿರುಗುತ್ತದೆ, ವಾಲ್ವ್‌ಗಳಿಗೆ ಪೆಟ್ಟಾಗಬಹುದು. ಅದಕ್ಕಿಂತ ಮೊದಲೇ ಹಿಂದಿನ ಟೈರ್ ಜಾರಿ ಸವಾರ ನೆಲಕ್ಕುರುಳಬಹುದು. ಒಂದೊಂದೇ ಗೇರ್ ಇಳಿಸುವುದೇ ಸರಿಯಾದ ಕ್ರಮ.

ಇನ್ನು ಸದಾ ಒತ್ತಿ ಹಿಡಿದ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಡಿಸ್ಕ್ ಬ್ರೇಕಿನಲ್ಲಿ ಬಳಸುವ ಡಾಟ್ 4 ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು. ತೇವ ಹೀರಿ ಹಳತಾದಂತೆ ಆ ಮಟ್ಟ ಕುಸಿಯುತ್ತದೆ. ದ್ರವ ಕುದಿದರೆ ಬ್ರೇಕ್ ಹಿಡಿಕೆ ಸುಮ್ಮನೆ ಒಳಸರಿಯುತ್ತದೆ. ನ್ಯೂಟ್ರಲ್‌ನ ಉಳಿತಾಯವೂ ಭ್ರಮೆಯೇ. ಇಂಧನ ಇಂಜೆಕ್ಷನ್ ಇರುವ ಬೈಕುಗಳಲ್ಲಿ ಗೇರಿನಲ್ಲಿ ಇಳಿಯುವಾಗ ಸಾಮಾನ್ಯವಾಗಿ ಪೆಟ್ರೋಲ್ ಪೂರೈಕೆಯೇ ಕಡಿತಗೊಳ್ಳುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಉರಿಯುತ್ತಲೇ ಇರಬೇಕು.

ಗೇರಿಲ್ಲದ ಸ್ಕೂಟರ್ ಸವಾರರಿಗೆ ಈ ಅನುಕೂಲ ಅಷ್ಟಾಗಿ ಇಲ್ಲ. ವೇಗ ತೀರಾ ತಗ್ಗಿದೊಡನೆ ಅವುಗಳ ಕ್ಲಚ್ ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಬೈಕ್ ಸವಾರರು ಮರೆಯುವ ಸಂಗತಿ ಇನ್ನೊಂದು: ಎಂಜಿನ್ ವೇಗ ತಗ್ಗಿಸುವಾಗ ಹಿಂದಿನ ಕೆಂಪು ದೀಪ ಹೊತ್ತುವುದಿಲ್ಲ. ಹಿಂದೆ ಬಸ್ಸು ಬರುತ್ತಿದ್ದರೆ ಬ್ರೇಕನ್ನು ಹಗುರಾಗಿ ಮುಟ್ಟಿ ದೀಪ ತೋರಿಸುವುದು ಕ್ಷೇಮ.