ಕಾನೂನೀ ಸುಲೇಮಾನ

ನಾವು ನಿತ್ಯವೂ ಬಳಸುವ ‘ಕಾನೂನು’ ಎಂಬ ಶಬ್ದವು ಗ್ರೀಕ್ ಮೂಲದಿಂದ ಅರಬ್ಬಿಗೆ ಬಂದು, ಫಾರಸಿಯ ಮೂಲಕ ಕನ್ನಡವನ್ನು ಸೇರಿತು. ಅದೇ ಶಬ್ದವು ತುರ್ಕಿಯಲ್ಲಿ ಒಬ್ಬ ದೊರೆಯ ಬಿರುದಾಗಿದೆ. 1520ರಿಂದ 1566ರವರೆಗೆ ಆಳಿದ ಸುಲ್ತಾನ ಸುಲೇಮಾನನನ್ನು ಯುರೋಪಿನವರು ‘ವೈಭವಶಾಲಿ’ ಎಂದು ಕರೆದರೆ, ತುರ್ಕರು ‘ಕಾನೂನೀ’, ಅಂದರೆ ಶಾಸನಕರ್ತ, ಎಂದು ಸ್ಮರಿಸುತ್ತಾರೆ. ಈ ಎರಡನೆಯ ಬಿರುದು ಅವನಿಗೆ ಎಷ್ಟರಮಟ್ಟಿಗೆ ಸಲ್ಲುತ್ತದೆಂಬುದನ್ನು ಇಲ್ಲಿ ಪರಾಮರ್ಶಿಸಬಹುದು.

ಅವನ ದಂಡಯಾತ್ರೆಗಳು ಸುಪರಿಚಿತವಾದುವು. 1521ರಲ್ಲಿ ಬೆಲ್‌ಗ್ರೇಡ್, 1522ರಲ್ಲಿ ರೋಡ್ಸ್ ದ್ವೀಪ, 1534ರಲ್ಲಿ ಬಾಗ್ದಾದ್ ಅವನ ವಶವಾದುವು. 1526ರ ಮೊಹಾಚ್ ಕದನದಲ್ಲಿ ಹಂಗೇರಿಯ ಸೈನ್ಯ ನಾಶವಾಯಿತು. 1529ರಲ್ಲಿ ವಿಯೆನ್ನಾ ಮಾತ್ರ ಮಣಿಯಲಿಲ್ಲ. 1538ರಲ್ಲಿ ಅವನ ನೌಕಾಪಡೆ ಪೋರ್ತುಗೀಸರ ದೀವ್ ಕೋಟೆಯನ್ನು ಮುತ್ತಿ, ಗೆಲ್ಲಲಾರದೆ ಮರಳಿತು. ತುರ್ಕರ ಫಿರಂಗಿವಿದ್ಯೆಯಾದರೋ ದಖನ್ನಿನಲ್ಲಿ ನೆಲೆಯೂರಿತು. ಇಂದಿಗೂ ವಿಜಾಪುರದಲ್ಲಿರುವ ‘ಮಲಿಕ್-ಎ-ಮೈದಾನ್’ ತೋಪನ್ನು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದವನು ಮಹಮ್ಮದ್ ಬಿನ್ ಹಸನ್ ರೂಮಿ. ‘ರೂಮಿ’ ಎಂಬುದು ಆ ಕಾಲದಲ್ಲಿ ತುರ್ಕ ಸಾಮ್ರಾಜ್ಯದಿಂದ ಬಂದವರಿಗೆ ಇದ್ದ ಹೆಸರು.

ಆದರೆ ಇಷ್ಟು ವಿಸ್ತಾರವಾದ ರಾಜ್ಯವನ್ನು ಕತ್ತಿಯೊಂದರಿಂದಲೇ ಆಳಲು ಸಾಧ್ಯವಿರಲಿಲ್ಲ. ಉಳುವ ಭೂಮಿಯ ಬಹುಭಾಗ ಪ್ರಭುತ್ವದ್ದು. ರೈತನಿಗೆ ಇದ್ದುದು ವಂಶಪಾರಂಪರ್ಯವಾದ ಸಾಗುವಳಿಯ ಹಕ್ಕು. ಯುದ್ಧಸೇವೆಗೆ ಪ್ರತಿಯಾಗಿ ‘ಸಿಪಾಹಿ’ ಎಂಬ ಅಶ್ವಾರೋಹಿಗೆ ದೊರೆಯುತ್ತಿದ್ದುದು ಹಳ್ಳಿಯ ಕಂದಾಯವೇ ಹೊರತು ಹಳ್ಳಿಯಲ್ಲ. ಯಾವ ತೆರಿಗೆಯನ್ನು, ಎಷ್ಟು, ಯಾವ ಕಾಲದಲ್ಲಿ ವಸೂಲು ಮಾಡಬೇಕೆಂಬುದನ್ನು ಪ್ರಾಂತಪ್ರಾಂತಗಳ ಕಾನೂನುಪುಸ್ತಕಗಳು ಗೊತ್ತುಪಡಿಸಿದುವು. ಇವುಗಳಲ್ಲಿ ಅನೇಕ ವಿಧಿಗಳು ಸುಲೇಮಾನನಿಗಿಂತ ಹಿಂದಿನವು. ಅವುಗಳನ್ನು ಕ್ರೋಡೀಕರಿಸಿ, ಧರ್ಮಶಾಸ್ತ್ರವಾದ ಷರೀಯತ್ತಿನೊಡನೆ ಹೊಂದಿಸಿದ್ದು ಅವನ ಕಾಲದ ಸಾಧನೆ. 1545ರಲ್ಲಿ ಷೇಖ್-ಉಲ್-ಇಸ್ಲಾಂ ಪದವಿಗೇರಿದ ಎಬುಸ್ಸೂದ್ ಎಫೆಂದಿ ಈ ಕಾರ್ಯದ ಪ್ರಮುಖ ಶಿಲ್ಪಿ.

ನಗದು ವಕ್ಫದ ವಿವಾದ ಇದಕ್ಕೊಂದು ಉತ್ತಮ ನಿದರ್ಶನ. ದಾನಿಯು ಭೂಮಿಯ ಬದಲು ಹಣವನ್ನು ಮುಡಿಪಾಗಿಡುತ್ತಿದ್ದನು. ಆ ಹಣವನ್ನು ಸಾಮಾನ್ಯವಾಗಿ ನೂರಕ್ಕೆ 10ರಿಂದ 15ರ ದರದಲ್ಲಿ ಸಾಲ ಕೊಟ್ಟು, ಬಂದ ಆದಾಯದಿಂದ ಮಸೀದಿ, ಪಾಠಶಾಲೆಗಳ ವೆಚ್ಚವನ್ನು ನಡೆಸುತ್ತಿದ್ದರು. ಬಡ್ಡಿ ನಿಷಿದ್ಧವಾದುದರಿಂದ ಇದು ಅಸಿಂಧುವೆಂದು ಕೆಲವು ಪಂಡಿತರು ವಾದಿಸಿದರು. ಇದು ರೂಢಮೂಲವಾದ ಪದ್ಧತಿ, ಇದನ್ನು ರದ್ದುಗೊಳಿಸಿದರೆ ಲೋಕೋಪಕಾರಿ ಸಂಸ್ಥೆಗಳು ಅಳಿಯುವುವು ಎಂಬುದು ಎಬುಸ್ಸೂದನ ಪ್ರತಿವಾದ. ಸುಲ್ತಾನನು ಅವನ ಪಕ್ಷವನ್ನೇ ಎತ್ತಿಹಿಡಿದನು. ಶಾಸ್ತ್ರದ ಅಕ್ಷರಕ್ಕೂ ಜನಜೀವನದ ಅಗತ್ಯಕ್ಕೂ ವಿರೋಧ ಬಂದಾಗ ನ್ಯಾಯಜ್ಞನು ಅನುಸರಿಸಿದ ಈ ಮಾರ್ಗ ಇಂದಿಗೂ ಮನನೀಯ.

ಇಂಥ ಶಾಸನಬುದ್ಧಿಯು ಅರಮನೆಯ ಹೊಸ್ತಿಲಲ್ಲಿ ನಿಂತುಹೋಯಿತು. ಯಾವ ಮಗನಿಗೆ ಪಟ್ಟ ಎಂಬುದಕ್ಕೆ ನಿಯಮವೇ ಇರಲಿಲ್ಲ. ನೆಚ್ಚಿನವನಾಗಿದ್ದ ಮಹಾವಜೀರ ಇಬ್ರಾಹಿಂ ಪಾಷಾ 1536ರಲ್ಲಿ ವಿಚಾರಣೆಯಿಲ್ಲದೆ ಹತನಾದನು. ಸೈನಿಕರಿಗೆ ಪ್ರಿಯನಾಗಿದ್ದ ಹಿರಿಯ ರಾಜಕುಮಾರ ಮುಸ್ತಫಾನನ್ನು 1553ರಲ್ಲಿ ತಂದೆಯ ಡೇರೆಯಲ್ಲಿಯೇ ಕೊರಳು ಬಿಗಿದು ಕೊಂದರು. ಇರಾನಿಗೆ ಓಡಿಹೋದ ಬಾಯಜೀದನೂ 1561ರಲ್ಲಿ ತಂದೆಯ ಒತ್ತಾಯಕ್ಕೆ ಬಲಿಯಾದನು. ಕೊನೆಗೆ ಉಳಿದವನು ಸೆಲೀಮನೊಬ್ಬನೇ. 1566ರಲ್ಲಿ ಸಿಗೆತ್ವಾರದ ಮುತ್ತಿಗೆಯಲ್ಲಿ ಸುಲೇಮಾನನು ತೀರಿಕೊಂಡಾಗ, ಸೈನ್ಯವು ದಂಗೆಯೇಳದಂತೆ ವಜೀರನು ಆ ಸುದ್ದಿಯನ್ನು ವಾರಗಟ್ಟಲೆ ಬಚ್ಚಿಡಬೇಕಾಯಿತು.

ಅವನ ಅನಂತರ ಸಾಮ್ರಾಜ್ಯವು ಇಳಿಮುಖವಾಯಿತೆಂಬ ಹಳೆಯ ಅಭಿಪ್ರಾಯವನ್ನು ಈಗಿನ ಚರಿತ್ರಕಾರರು ಒಪ್ಪುವುದಿಲ್ಲ. ಅದು 1922ರವರೆಗೂ ಬಾಳಿತು. ವಾಸ್ತುಶಿಲ್ಪಿ ಸಿನಾನನು 1557ರಲ್ಲಿ ಮುಗಿಸಿದ ಸುಲೇಮಾನಿಯೆ ಮಸೀದಿ ಇಸ್ತಾಂಬುಲಿನಲ್ಲಿ ಇಂದಿಗೂ ನಿಂತಿದೆ. ‘ಕಾನೂನೀ’ ಎಂಬ ಬಿರುದು ಅವನಿಗೆ ನ್ಯಾಯವಾಗಿಯೇ ಸಲ್ಲುತ್ತದೆ. ಆದರೆ ಸಿಪಾಹಿಯ ಕೈಯನ್ನು ಕಟ್ಟಿಹಾಕಿದ ಆ ಕಾನೂನು ಸುಲ್ತಾನನ ಕೈಯನ್ನು ಕಟ್ಟಲಿಲ್ಲವೆಂಬುದನ್ನೂ ನಾವು ಅದರ ಜೊತೆಯಲ್ಲಿಯೇ ನೆನೆಯಬೇಕು.